1835ರ ಪಿಸ್ತೂಲಿಗೆ 1780ರ ಹಿತ್ತಾಳೆ

ಈ ಪಿಸ್ತೂಲು ಮಾಡಲು ಹದಿನಾಲ್ಕು ತಿಂಗಳು ಹಿಡಿಯಿತು. ನಿನ್ನೆ ರಾತ್ರಿ ಕೊನೆಯ ಸಲ ಎಣ್ಣೆ ಒರೆಸಿ, ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟು, ದೀಪವನ್ನು ಆ ಕಡೆ ಈ ಕಡೆ ಸರಿಸಿ ನೋಡುತ್ತಾ ಕೂತಿದ್ದೆ. ಎಂಟು ಪಟ್ಟಿಯ ಒಂಟಿ ನಳಿಗೆ, ವಾಲ್‌ನಟ್ ಮರದ ಹಿಡಿ, ನಳಿಗೆಯ ಕೆಳಗೆ ಕೊಂಡಿಗೆ ಸಿಕ್ಕಿಸಿದ ಗಜ, ಅಂದರೆ ಮದ್ದು ಗುಂಡನ್ನು ಒಳಗೆ ತಳ್ಳುವ ಕೋಲು. ನಳಿಗೆಯ ಬಾಯಿಂದ ಮದ್ದು ತುಂಬುತ್ತಿದ್ದ ಕಾಲದ, ಕೇಪಿನಿಂದ, ಅಂದರೆ ಬಡಿದರೆ ಸಿಡಿಯುವ ತಾಮ್ರದ ಪುಟ್ಟ ಟೋಪಿಯಿಂದ ಹೊತ್ತಿಸುವ ಪಿಸ್ತೂಲು. ಇಂಗ್ಲೆಂಡಿನಲ್ಲಿ 1835ರ ಆಸುಪಾಸು ದೂರ ಪ್ರಯಾಣ ಮಾಡುವವರು ಜೊತೆಗೆ ಇಟ್ಟುಕೊಳ್ಳುತ್ತಿದ್ದಂಥದ್ದು. ಬಿಡಿ ಭಾಗಗಳನ್ನು ತಂದು ಕೂರಿಸಿ, ಮರ ಕೆತ್ತಿ, ಬಣ್ಣ ಕಟ್ಟಿ ಮಾಡಿದ್ದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಹಾರಿಸುವ ಪಿಸ್ತೂಲಲ್ಲ. ಕೇಪು ಕೂರುವ ಪುಟ್ಟ ಕೊಳವೆಯಿಂದ (ನಿಪ್ಪಲ್) ನಳಿಗೆಯೊಳಕ್ಕೆ ಕಿಡಿ ಹೋಗುವ ದಾರಿಯನ್ನೇ ನಾನು ಕೊರೆದಿಲ್ಲ, ಕೊರೆಯುವುದೂ ಇಲ್ಲ. ನನಗೆ ಬೇಕಿದ್ದದ್ದು ಆ ಕಾಲದ ಕೈಕೆಲಸ, ಸದ್ದು ಅಲ್ಲ. ಇನ್ನೊಂದು, ಇಂಥ ವಸ್ತುವಿಗೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ಕೆಲವು ಕಡೆ ಹಳೇ ಮಾದರಿ ಅಂತ ರಿಯಾಯಿತಿ ಇದೆ, ಕೆಲವು ಕಡೆ ಬರೀ ನಳಿಗೆ ಇಟ್ಟುಕೊಳ್ಳಲಿಕ್ಕೂ ಲೈಸೆನ್ಸ್ ಬೇಕು. ಒಂದು ಸ್ಕ್ರೂ ಕೊಳ್ಳುವ ಮೊದಲು ಅದನ್ನು ತಿಳಿದುಕೊಳ್ಳಿ. ಕೆಲಸ ಶುರು ಮಾಡಿದ ಮೇಲೆ ಅಲ್ಲ.

ಕೇಪಿನ ಪಿಸ್ತೂಲೇ ಯಾಕೆ ಅಂದರೆ, ಅದರ ಕಾಲ ಬಹಳ ಚಿಕ್ಕದು. ಅದಕ್ಕೆ ಮೊದಲು ಸುಮಾರು ಇನ್ನೂರು ವರ್ಷ ಚಕಮಕಿ ಕಲ್ಲಿನ ಕೋವಿಗಳದ್ದೇ ರಾಜ್ಯ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಅನ್ನುವ ಊರಿನಲ್ಲಿ ಅಲೆಕ್ಸಾಂಡರ್ ಜಾನ್ ಫಾರ್ಸೈತ್ ಅಂತ ಒಬ್ಬ ಪಾದ್ರಿ ಇದ್ದ. ಹಕ್ಕಿ ಬೇಟೆ ಅಂದರೆ ಅವನಿಗೆ ಪ್ರಾಣ. ಕಲ್ಲು ಬಡಿದು, ಹೊರಗಿನ ಬಟ್ಟಲಿನ ಮದ್ದು ಭಗ್ ಅಂತ ಹತ್ತಿ, ಆ ಬೆಂಕಿ ನಳಿಗೆಯ ಒಳಗೆ ಹೋಗುವಷ್ಟರಲ್ಲಿ ಹಕ್ಕಿ ಆ ಬೆಳಕು ಕಂಡು ಜಾಗ ಖಾಲಿ ಮಾಡುತ್ತಿತ್ತು. ಬಡಿದರೆ ಸಾಕು ಸಿಡಿಯುವ ಫಲ್ಮಿನೇಟ್ ಬಗ್ಗೆ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೊವರ್ಡ್ 1800ರಲ್ಲಿ ಬರೆದಿದ್ದ. ಅಂಥ ಸಿಡಿಯುವ ಪುಡಿಯಿಂದಲೇ ಕೋವಿ ಹೊತ್ತಿಸಬಹುದಲ್ವಾ ಅಂತ ಫಾರ್ಸೈತ್‌ಗೆ ಹೊಳೆಯಿತು. 1807ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಬಂದದ್ದು ತಾಮ್ರದ ಪುಟ್ಟ ಟೋಪಿ, ಅಂದರೆ ಕೇಪು. ಅದನ್ನು ಮೊದಲು ಮಾಡಿದ್ದು ನಾನು, ನಾನು ಅಂತ ಹಲವರು ಹೇಳಿಕೊಂಡರು. ಅಮೆರಿಕದಲ್ಲಿ 1822ರಲ್ಲಿ ಪೇಟೆಂಟ್ ಸಿಕ್ಕಿದ್ದು ಜೋಶುವಾ ಶಾಗೆ, ಇಂಗ್ಲೆಂಡಿನಿಂದ ವಲಸೆ ಹೋದ ಒಬ್ಬ ಚಿತ್ರಕಾರನಿಗೆ.

ಅಲ್ಲಿಂದ ಮುಂದೆ ಎಲ್ಲಾ ಬೇಗ ಬೇಗ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ರಿವಾಲ್ವರ್‌ಗೆ ಪೇಟೆಂಟ್ ಪಡೆದ. ಅಮೆರಿಕದ ಸೈನ್ಯ ತನ್ನ ಮೊದಲ ಕೇಪಿನ ಪಿಸ್ತೂಲನ್ನು, 0.54 ಇಂಚು ಬಾಯಿಯದ್ದನ್ನು, 1842ರ ಮಾದರಿ ಅಂತ ತಂದಿತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಕೋಲ್ಟ್‌ನ ರಿವಾಲ್ವರ್‌ಗಳನ್ನು ಜನ ಮುತ್ತಿಕೊಂಡು ನೋಡುತ್ತಿದ್ದರು. ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಪಿಸ್ತೂಲಿನ ಕಥೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಅಂದರೆ ಇದಕ್ಕೆ ಸಿಕ್ಕಿದ್ದು ಹೆಚ್ಚೆಂದರೆ ಮೂವತ್ತು ವರ್ಷ. ಆ ಮೂವತ್ತು ವರ್ಷದೊಳಗೇ ಆಕಾರ, ಅಲಂಕಾರ, ಲೋಹ ಎಲ್ಲಾ ಬದಲಾಗುತ್ತಾ ಹೋದವು. ಹಾಗಾಗಿ ಹಳೇ ಕಾಲದ್ದು ಅಂತ ಒಟ್ಟಾರೆ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಯಾವ ದೇಶ, ಯಾವ ದಶಕ, ಯಾರ ಕೈಗೆ ಮಾಡಿದ್ದು ಅಂತ ಹೇಳಲೇಬೇಕು.

ನಾನು ಎಡವಿದ್ದೂ ಇಲ್ಲೇ. ಭಾಗಗಳ ಪೆಟ್ಟಿಗೆ ಬಂದ ದಿನ ಎಲ್ಲಾ ಬಿಚ್ಚಿ ಸಾಲಾಗಿ ಜೋಡಿಸಿದೆ. ನಳಿಗೆ, ಲಾಕು (ಕೇಪಿಗೆ ಬಡಿಯುವ ಯಂತ್ರ), ಟ್ರಿಗರ್, ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತ ಬಾಗಿರುವ ಲೋಹದ ಪಟ್ಟಿ), ಹಿಡಿಯ ತುದಿಗೆ ಟೋಪಿ, ಗಜ, ಅದನ್ನು ಹಿಡಿಯುವ ಕೊಂಡಿ, ಒಂದು ಹಿಡಿ ಸ್ಕ್ರೂ, ಒರಟಾಗಿ ಕೊಯ್ದ ಮರದ ತುಂಡು. ಲಾಕು ಚೆನ್ನಾಗಿತ್ತು, 1830ರ ದಶಕದ್ದೇ ಆಕಾರ. ಗಾರ್ಡ್ ಮಾತ್ರ ಹೊಳೆಯುವ ಹಿತ್ತಾಳೆ, ಮುಂದಿನ ತುದಿಯಲ್ಲಿ ಓಕ್ ಕಾಯಿಯ ಅಚ್ಚು. ಎಷ್ಟು ಚಂದ ಅಂದುಕೊಂಡೆ. ಅದನ್ನೇ ಮರಕ್ಕೆ ಕೂರಿಸಲಿಕ್ಕೆ ಗೆರೆಯನ್ನೂ ಎಳೆದೆ. ಆ ರಾತ್ರಿ ಒಂದು ಮ್ಯೂಸಿಯಂ ಸಂಗ್ರಹದ ಫೋಟೋಗಳನ್ನು ನೋಡುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಓಕ್ ಕಾಯಿಯ ಗಾರ್ಡ್ ಇದ್ದ ಪಿಸ್ತೂಲುಗಳೆಲ್ಲಾ ಚಕಮಕಿಯವು, 1770, 1780ರ ಸುತ್ತಿನವು. ಅಲ್ಲಿಂದ ಮುಂದಕ್ಕೆ ಅನಾನಸ್ ಹಣ್ಣಿನ ಅಚ್ಚು ಬರುತ್ತದೆ, ಹಿತ್ತಾಳೆ ಹೋಗಿ ಕಬ್ಬಿಣ ಬರುತ್ತದೆ. ನಾನು ಮಾಡಲು ಹೊರಟ ದರ್ಜೆಯ ಪಿಸ್ತೂಲಿಗೆ 1835ರಲ್ಲಿ ಯಾವ ಒಳ್ಳೆಯ ಕೆಲಸಗಾರನೂ ಆ ಗಾರ್ಡ್ ಹಾಕುತ್ತಿರಲಿಲ್ಲ. ಮಾರಿದವರಿಗೆ ಬರೆದೆ. ಎಲ್ಲರೂ ಇದನ್ನೇ ಹಾಕುತ್ತಾರೆ ಅಂತ ಉತ್ತರ ಬಂತು. ನಾನು ಗಾರ್ಡ್ ಎತ್ತಿಟ್ಟು, ಕಬ್ಬಿಣದ ಇನ್ನೊಂದನ್ನು ಹುಡುಕಿ ತರಿಸಿದೆ. ಅದಕ್ಕೇ ಎರಡು ತಿಂಗಳು ಹೋಯಿತು.

ಆ ಎರಡು ತಿಂಗಳು ಸುಮ್ನೆ ಕೂರಲಿಲ್ಲ. ನೋಡಿದೆ. ನನ್ನ ಪ್ರಕಾರ ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ನೋಡುವುದೇ. ಹಳೇ ಪಿಸ್ತೂಲುಗಳ ಬದಿ, ಮೇಲ್ಭಾಗ, ಕೆಳಭಾಗ, ಸಿಕ್ಕಷ್ಟು ಫೋಟೋ, ಸಾಧ್ಯವಾದರೆ ಕೈಯಲ್ಲಿ ಹಿಡಿದು. ಹಾಗೆ ನೋಡಿದಾಗ ಹೊಸಬರು ಮಾಡಿದ್ದಕ್ಕೂ ಹಳಬರು ಮಾಡಿದ್ದಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನಲ್ಲಿ ತಿಳಿಯುತ್ತದೆ: ಮರ. ಹೊಸಬರು ಮರ ಬಿಟ್ಟುಬಿಡುತ್ತಾರೆ. ಲಾಕಿನ ಸುತ್ತ, ನಳಿಗೆಯ ಪಕ್ಕ, ಹಿಡಿಯ ಕುತ್ತಿಗೆಯಲ್ಲಿ, ಎಲ್ಲಾ ಕಡೆ ದಪ್ಪ ದಪ್ಪ. ಹಳೆಯದರಲ್ಲಿ ನಳಿಗೆಯ ಪಕ್ಕದ ಮರದ ಅಂಚು ತೆಳ್ಳಗಿನ ಗೆರೆಯ ಹಾಗೆ ಇರುತ್ತದೆ. ಇಷ್ಟು ತೆಳ್ಳಗೆ ಮಾಡಿದರೆ ಒಡೆಯಲ್ವಾ ಅನ್ನಿಸುತ್ತದೆ. ಒಡೆದಿಲ್ಲ, ನೂರ ಎಂಬತ್ತು ವರ್ಷ ಆಯಿತು.

ಮರ ಆರಿಸುವಾಗ ಬಣ್ಣ, ಚಿತ್ತಾರ ನೋಡಬಾರದು ಅನ್ನುವುದಿಲ್ಲ, ಆದರೆ ಎಳೆ ಹೋಗುವ ದಿಕ್ಕು ಅದಕ್ಕಿಂತ ಮುಖ್ಯ. ಪಿಸ್ತೂಲಿನ ಹಿಡಿ ಬಾಗುತ್ತದೆ, ಆ ಬಾಗಿನಲ್ಲಿ ಮರದ ಎಳೆಯೂ ಜೊತೆಗೇ ಬಾಗಿ ಇಳಿಯಬೇಕು. ಎಳೆ ಅಡ್ಡ ಕತ್ತರಿಸಿ ಹೋದರೆ ಕುತ್ತಿಗೆಯಲ್ಲೇ ಮುರಿಯುತ್ತದೆ. ಪೆಟ್ಟಿಗೆಯಲ್ಲಿ ಬಂದ ತುಂಡು ನೋಡಲು ಬಹಳ ಚಂದ, ಎಳೆ ಮಾತ್ರ ತಪ್ಪು. ಅದನ್ನು ಅಭ್ಯಾಸಕ್ಕೆ ಇಟ್ಟುಕೊಂಡು ಬೇರೆ ತುಂಡು ತೆಗೆದುಕೊಂಡೆ. ಇಂಗ್ಲೆಂಡಿನವರದ್ದು ವಾಲ್‌ನಟ್, ಅಮೆರಿಕದ ಹಳೇ ರೈಫಲ್‌ಗಳಲ್ಲಿ ಜಾಸ್ತಿ ಕಾಣುವುದು ಅಲೆ ಅಲೆ ಚಿತ್ತಾರದ ಮೇಪಲ್. ಇಂಗ್ಲಿಷ್ ಪಿಸ್ತೂಲು ಮಾಡುತ್ತೇನೆ ಅಂತ ಹೊರಟು ಮೇಪಲ್ ಹಾಕಿದರೆ ಮತ್ತೆ ಅದೇ ಗಾರ್ಡಿನ ಕಥೆ.

ಈಗ ನನಗೆ ಅತಿ ಇಷ್ಟವಾದ ಭಾಗ, ಲಾಕನ್ನು ಮರದೊಳಗೆ ಇಳಿಸುವುದು. ಲಾಕು ಅಂದರೆ ಒಂದು ತಟ್ಟೆ, ಅದರ ಹೊರಗೆ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆಯಂಥ ತುಂಡು), ಒಳಗೆ ಸ್ಪ್ರಿಂಗು, ಹಲ್ಲು ಕಚ್ಚುವ ತುಂಡುಗಳು. ಕುದುರೆಯನ್ನು ಅರ್ಧ ಎಳೆದರೆ ಒಂದು ಕ್ಲಿಕ್, ಪೂರ್ತಿ ಎಳೆದರೆ ಇನ್ನೊಂದು. ಒಳಗಿನ ಒಂದೊಂದು ತುಂಡಿಗೂ ಮರದಲ್ಲಿ ಅದರದ್ದೇ ಗೂಡು ಬೇಕು. ಒಂದೇ ದೊಡ್ಡ ಗುಂಡಿ ತೋಡಿ ಎಲ್ಲವನ್ನೂ ಅದರಲ್ಲಿ ತುಂಬುವುದು ಸುಲಭ. ಹೊರಗಿಂದ ಕಾಣುವುದೂ ಇಲ್ಲ. ಆದರೆ ಹಳೆಯ ಒಳ್ಳೆಯ ಪಿಸ್ತೂಲಿನ ಲಾಕು ಬಿಚ್ಚಿದರೆ ಮರದಲ್ಲಿ ಆ ಯಂತ್ರದ್ದೇ ಅಚ್ಚು ಕಾಣಿಸುತ್ತದೆ. ಸ್ಪ್ರಿಂಗಿಗೆ ಸ್ಪ್ರಿಂಗಿನಷ್ಟೇ ಜಾಗ, ಸ್ಕ್ರೂ ತಲೆಗೆ ಸ್ಕ್ರೂ ತಲೆಯಷ್ಟೇ. ಮೊದಲ ಸಲ ಅಂಥ ಒಂದನ್ನು ಕಂಡ ದಿನವೇ ನಾನು ಈ ಕೆಲಸಕ್ಕೆ ಬಿದ್ದದ್ದು.

ಇದಕ್ಕೆ ಬೇಕಾದ್ದು ದೀಪದ ಮಸಿ. ಮಸಿಯನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿ, ಹಳೇ ಬ್ರಷ್‌ನಿಂದ ಲಾಕಿನ ಒಳಬದಿಗೆ ತೆಳ್ಳಗೆ ಹಚ್ಚಬೇಕು. ಮರದ ಮೇಲೆ ಇಟ್ಟು, ಕೊಡತಿಯ ಹಿಂಬದಿಯಿಂದ ಮೆಲ್ಲಗೆ ಒಂದು ತಟ್ಟು. ನೇರವಾಗಿ ಎತ್ತಬೇಕು, ಓರೆ ಮಾಡಿ ಎತ್ತಿದರೆ ಅಂಚು ಕಿತ್ತು ಬರುತ್ತದೆ. ಮರದಲ್ಲಿ ಎಲ್ಲಿ ಕಪ್ಪು ಚುಕ್ಕೆ ಬಿದ್ದಿದೆಯೋ ಅಲ್ಲಿ ಲೋಹ ತಾಗುತ್ತಿದೆ. ಅಷ್ಟನ್ನೇ ಉಳಿಯಿಂದ ಹೆರೆಯಬೇಕು. ಉಳಿ ಎಷ್ಟು ಹರಿತ ಇರಬೇಕು ಅಂದರೆ ಹೆರೆದ ಸಿಪ್ಪೆ ಬೆಳಕಿಗೆ ಹಿಡಿದರೆ ಆಚೆಯದು ಕಾಣಬೇಕು. ಮತ್ತೆ ಮಸಿ, ಮತ್ತೆ ತಟ್ಟು, ಮತ್ತೆ ಎತ್ತು, ಮತ್ತೆ ಹೆರೆ. ಶುರುವಿನಲ್ಲಿ ಮೂರೋ ನಾಲ್ಕೋ ಚುಕ್ಕೆ ಇರುತ್ತವೆ, ದಿನ ಕಳೆದಂತೆ ಚುಕ್ಕೆಗಳು ಜಾಸ್ತಿಯಾಗುತ್ತಾ ಹೋಗುತ್ತವೆ, ಕೊನೆಗೆ ಗೂಡಿನ ತಳವಿಡೀ ಒಂದೇ ಸಮ ಕಪ್ಪಾದಾಗ ಲಾಕು ಕೂತಿದೆ ಅಂತ ಅರ್ಥ. ಎಷ್ಟು ಸಲ ಎತ್ತಿ ಇಳಿಸಿದೆ ಅಂತ ಒಂದು ದಿನ ಎಣಿಸಿದೆ, ಅರವತ್ತು ದಾಟಿತ್ತು. ಬೆರಳ ಸಂದಿಯ ಮಸಿ ವಾರಗಟ್ಟಲೆ ಹೋಗಲಿಲ್ಲ.

ಒಂದು ಕಡೆ ಕೈ ತಪ್ಪಿತು. ಲಾಕಿನ ಬಾಲದ ಹತ್ತಿರ ಎಳೆಯ ವಿರುದ್ಧ ಉಳಿ ಹಾಕಿ, ಅಕ್ಕಿ ಕಾಳಿನಷ್ಟು ಸಿಬಿರು ಹಾರಿಹೋಯಿತು. ನೆಲದ ಮೇಲೆ ಮೊಣಕಾಲೂರಿ ಟಾರ್ಚ್ ಹಿಡಿದು ಹುಡುಕಿದೆ, ಸಿಕ್ಕಿತು. ಅದನ್ನೇ ಅಂಟು ಹಾಕಿ ಕೂರಿಸಿ ಒಂದು ದಿನ ಕಟ್ಟಿಟ್ಟೆ. ಈಗ ಎಲ್ಲಿ ಅಂತ ನನಗೆ ಮಾತ್ರ ಗೊತ್ತು. ಮರದ ಪುಡಿ, ಅಂಟು ಕಲಸಿ ತುಂಬಿದ್ದರೆ ಎಣ್ಣೆ ಹಚ್ಚಿದ ಮೇಲೆ ಕಪ್ಪು ಕಲೆಯಾಗಿ ಎದ್ದು ಕಾಣುತ್ತಿತ್ತು. ಹಾರಿದ ಚೂರನ್ನು ಎಷ್ಟು ಹೊತ್ತಾದರೂ ಹುಡುಕಿ.

ಲಾಕು, ನಳಿಗೆ, ಗಾರ್ಡ್ ಕೂತ ಮೇಲೆ ಹೊರಗಿನ ಮರ ಇಳಿಸುವ ಕೆಲಸ. ಇಲ್ಲಿ ಧೈರ್ಯ ಬೇಕು. ಅರ ಹಾಕುತ್ತೀರಿ, ನೋಡುತ್ತೀರಿ, ಸಾಕು ಅನ್ನಿಸುತ್ತದೆ. ಸಾಕಾಗಿರುವುದಿಲ್ಲ. ನಾನು ಮೂರು ಸಲ ಮುಗಿಯಿತು ಅಂದುಕೊಂಡು, ಮಾರನೇ ಬೆಳಿಗ್ಗೆ ಹಳೆಯ ಪಿಸ್ತೂಲಿನ ಫೋಟೋ ಪಕ್ಕ ಇಟ್ಟು ನೋಡಿ ಮತ್ತೆ ಅರ ಕೈಗೆತ್ತಿಕೊಂಡೆ. ಮೂರನೇ ಸಲದ ನಂತರ ಹಿಡಿದಾಗ ಕೈಗೇ ಗೊತ್ತಾಯಿತು. ಅಲ್ಲಿಯವರೆಗೆ ಮರದ ತುಂಡು ಹಿಡಿದ ಹಾಗಿತ್ತು, ಈಗ ಕಿರುಬೆರಳು ತಾನಾಗೇ ಬಾಗಿನಲ್ಲಿ ಹೋಗಿ ಕೂತಿತು, ತೂಕ ಮುಂದಕ್ಕೆ ಜಗ್ಗುವುದು ನಿಂತಿತು.

ಹಿಡಿಯ ಮೇಲೆ ಜಾರದ ಹಾಗೆ ಅಡ್ಡ ಗೆರೆ ಕೊರೆದು ಚೌಕುಳಿ ಮಾಡುತ್ತಾರಲ್ಲ, ಅದನ್ನು ಮೊದಲು ಆ ಅಭ್ಯಾಸದ ತುಂಡಿನ ಮೇಲೆ ಮಾಡಿದೆ. ಇಂಚಿಗೆ 16 ಗೆರೆ. ಒಂದು ಗೆರೆ ಸೊಟ್ಟಗಾದರೆ ಅದರ ಪಕ್ಕದ್ದೆಲ್ಲಾ ಅದನ್ನೇ ಅನುಸರಿಸುತ್ತದೆ. ಹಾಗಾಗಿ ದಿನಕ್ಕೆ ಒಂದು ಗಂಟೆ ಮಾತ್ರ, ಕಣ್ಣು ದಣಿಯುವ ಮೊದಲು ನಿಲ್ಲಿಸುತ್ತಿದ್ದೆ.

ಸ್ಕ್ರೂಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಸ್ಕ್ರೂವಿನ ಸುರುಳಿ ಗೆರೆ (ಥ್ರೆಡ್) ಎಲ್ಲರಿಗೂ ಒಂದೇ ಅಳತೆಯದ್ದಿರಲಿ ಅಂತ ಇಂಗ್ಲೆಂಡಿನ ಇಂಜಿನಿಯರ್ ಜೋಸೆಫ್ ವಿಟ್‌ವರ್ತ್ ಹೇಳಿದ್ದು 1841ರಲ್ಲಿ. ಅದಕ್ಕೆ ಮೊದಲು ಒಂದೊಂದು ವರ್ಕ್‌ಶಾಪಿನದ್ದು ಒಂದೊಂದು ಅಳತೆ. ಪೆಟ್ಟಿಗೆಯಲ್ಲಿ ಬಂದ ಸ್ಕ್ರೂಗಳ ತಲೆಯ ಸೀಳು ಅಗಲವಾಗಿತ್ತು, ಈಗಿನ ಕಾಲದ್ದು ಅಂತ ದೂರದಿಂದಲೇ ಹೇಳಬಹುದು. ಹಳೆಯದರಲ್ಲಿ ಸೀಳು ಕೂದಲಿನಷ್ಟು ಸಣ್ಣ. ದಪ್ಪ ತಲೆಯ ಸ್ಕ್ರೂ ತೆಗೆದುಕೊಂಡು, ಅಗಲ ಸೀಳು ಹೋಗುವವರೆಗೆ ತಲೆ ಅರೆದು, ಸಣ್ಣ ಗರಗಸದಲ್ಲಿ ಹೊಸ ಸೀಳು ಹಾಕಿದೆ. ಬಿಗಿ ಮಾಡಿದಾಗ ಎಲ್ಲಾ ಸೀಳುಗಳೂ ನಳಿಗೆಯ ದಿಕ್ಕಿಗೇ ನಿಲ್ಲಬೇಕು, ಒಳ್ಳೆಯ ಕೆಲಸಗಾರರು ಹಾಗೇ ಮಾಡುತ್ತಿದ್ದರು. ಆಮೇಲೆ ಬಣ್ಣ. ಚಿಕ್ಕ ತಟ್ಟೆಯಲ್ಲಿ ಮರಳು ಕಾಯಿಸಿ ಅದರಲ್ಲಿ ಸ್ಕ್ರೂ ತಲೆ ಮೇಲಾಗಿ ನೆಟ್ಟು ನೋಡುತ್ತಾ ಕೂರುವುದು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ನವಿಲು ಕತ್ತಿನ ನೀಲಿ. ಆ ನೀಲಿ ಬಂದ ಕ್ಷಣಕ್ಕೆ ಎತ್ತಿ ಎಣ್ಣೆಗೆ ಹಾಕಬೇಕು. ಉಸಿರು ಎರಡು ಸಲ ಎಳೆಯುವಷ್ಟು ತಡವಾದರೆ ಬೂದಿ ಬಣ್ಣಕ್ಕೆ ತಿರುಗಿ ಆಟ ಮುಗಿಯುತ್ತದೆ. ಒಂಬತ್ತು ಸ್ಕ್ರೂನಲ್ಲಿ ನಾಲ್ಕನ್ನು ಮತ್ತೆ ಉಜ್ಜಿ ಮೊದಲಿಂದ ಮಾಡಿದೆ.

ನಳಿಗೆಯದ್ದು ಬೇರೆ ದಾರಿ. ಅದು ನೀಲಿಯಲ್ಲ, ಕಂದು. ಆ ಕಂದು ಬಣ್ಣ ಏನು ಗೊತ್ತಾ? ತುಕ್ಕು. ಬೇಕೆಂದೇ ತುಕ್ಕು ಹಿಡಿಸಿ, ಅದನ್ನೇ ಪಳಗಿಸಿ ಹೊಳಪು ತರುವುದು. ನಳಿಗೆಯಲ್ಲಿ ಒಂದಿಷ್ಟೂ ಜಿಡ್ಡಿರಬಾರದು. ಬೆರಳು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ತುಕ್ಕು ತರುವ ದ್ರಾವಣವನ್ನು ತೆಳ್ಳಗೆ ಒಂದೇ ಸಲ ಒರೆಸಿ, ತೇವ ಇರುವ ಪೆಟ್ಟಿಗೆಯೊಳಗೆ ರಾತ್ರಿ ತೂಗುಹಾಕಿದೆ. ಬೆಳಿಗ್ಗೆ ತೆರೆದರೆ ನಳಿಗೆಯ ತುಂಬ ಕೆಂಪು ನುಣುಪು ಧೂಳು, ಪೀಚ್ ಹಣ್ಣಿನ ಸಿಪ್ಪೆಯ ಮೇಲಿನ ಹಾಗೆ. ಒರಟು ಬಟ್ಟೆಯಿಂದ ಅದನ್ನು ಉಜ್ಜಿ ತೆಗೆದರೆ ಕೆಳಗೆ ತಿಳಿ ಕಂದು. ಮತ್ತೆ ಒರೆಸು, ಮತ್ತೆ ತೂಗುಹಾಕು. ನಡುವೆ ಕುದಿಯುವ ನೀರಿಗೆ ಹಾಕಬಾರದು, ಹಾಕಿದರೆ ಕೆಂಪು ತುಕ್ಕು ಕಪ್ಪಾಗಿಬಿಡುತ್ತದೆ. ಕಪ್ಪು ನೀಲಿ ಬೇಕಾದವರು ಬೇಕೆಂದೇ ಹಾಗೆ ಕುದಿಸುತ್ತಾರೆ, ನನಗೆ ಅದು ಬೇಕಿರಲಿಲ್ಲ. ಒಂಬತ್ತು ದಿನಕ್ಕೆ ಬಣ್ಣ ಗಟ್ಟಿಯಾಯಿತು, ಕಾಫಿ ಡಿಕಾಕ್ಷನ್ನಿನ ಹಾಗೆ ಒಳಗಿಂದ ಕೆಂಪು ಮಿನುಗುವ ಕಂದು. ಕೊನೆಗೆ ಸೋಡಾ ಪುಡಿ ಕರಗಿಸಿದ ನೀರಲ್ಲಿ ತೊಳೆದು ತುಕ್ಕು ಮುಂದುವರಿಯದ ಹಾಗೆ ನಿಲ್ಲಿಸಿ, ಬಿಸಿ ಇರುವಾಗಲೇ ಜೇನುಮೇಣ ಹಚ್ಚಿದೆ.

ಮರಕ್ಕೆ ವಾರ್ನಿಷ್ ಹಾಕಲಿಲ್ಲ. ಅಗಸೆ ಎಣ್ಣೆ, ಅದರಲ್ಲಿ ಆಲ್ಕನೆಟ್ ಬೇರು ನೆನೆಸಿದ್ದು. ಬೇರು ಎಣ್ಣೆಗೆ ಮಾಣಿಕ್ಯದ ಕೆಂಪು ಬಿಡುತ್ತದೆ, ಇಂಗ್ಲೆಂಡಿನ ಕೋವಿ ಕೆಲಸಗಾರರು ಇದನ್ನೇ ಬಳಸುತ್ತಿದ್ದರು. ಒಂದೊಂದು ಹನಿ ಅಂಗೈಯಲ್ಲಿ ಹಾಕಿಕೊಂಡು ಮರ ಬೆಚ್ಚಗಾಗುವವರೆಗೆ ತಿಕ್ಕಬೇಕು, ಒಣಗಲು ಬಿಡಬೇಕು, ಮಾರನೇ ದಿನ ಮತ್ತೆ. ಎಣ್ಣೆ ಜಾಸ್ತಿ ಹಾಕಿದರೆ ಅಂಟಂಟಾಗಿ ಉಳಿಯುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗೇ ಬಿಸಿಯೇರಿ ಬೆಂಕಿ ಹಿಡಿಯುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಪಿಸ್ತೂಲು ನೋಡಿದ ಒಬ್ಬರು, ಲಾಕಿನ ಮೇಲೆ ಲಂಡನ್ನಿನ ಒಬ್ಬ ಹೆಸರಾಂತ ಕೆಲಸಗಾರನ ಹೆಸರು ಕೆತ್ತಿಸಿ, ನಳಿಗೆಗೆ ಹಳೇ ಪರೀಕ್ಷಾ ಮುದ್ರೆ ಒತ್ತಿಸಿಬಿಡಿ, ಆಗ ಪೂರ್ತಿ ಅಸಲಿ ಅನ್ನಿಸುತ್ತದೆ ಅಂದರು. ನಾನು ಒಪ್ಪಲಿಲ್ಲ. ಆ ಮುದ್ರೆ ಅಲಂಕಾರ ಅಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲಿ ಪ್ರೂಫ್ ಹೌಸ್ ಶುರುವಾಯಿತು, ಲಂಡನ್ನಿನಲ್ಲಿ ಅದಕ್ಕೂ ಬಹಳ ಹಿಂದಿನಿಂದಲೇ ಪರೀಕ್ಷೆ ಇತ್ತು. ಮಾಮೂಲಿಗಿಂತ ಹೆಚ್ಚು ಮದ್ದು ಹಾಕಿ ಹಾರಿಸಿ, ಒಡೆಯದ ನಳಿಗೆಗೆ ಮಾತ್ರ ಮುದ್ರೆ. ಅದನ್ನು ನಂಬಿ ಜನ ಆ ನಳಿಗೆಗೆ ತಮ್ಮ ಜೀವ ಒಪ್ಪಿಸುತ್ತಿದ್ದರು. ಇನ್ನು ಹೆಸರಿನ ವಿಷಯ. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್‌ನ ಪುಟ್ಟ ಕೇಪಿನ ಪಿಸ್ತೂಲುಗಳು ಎಷ್ಟು ಹೆಸರು ಮಾಡಿದ್ದವು ಅಂದರೆ ಅವನು ಬದುಕಿದ್ದಾಗಲೇ ಬೇರೆಯವರು ಅವನ ಹೆಸರು ಒತ್ತಿ ಮಾರಿದರು. ಮುದುಕ ಕೋರ್ಟಿಗೆ ಹೋಗಬೇಕಾಯಿತು. 1865ರ ಏಪ್ರಿಲ್ 14ರಂದು ಲಿಂಕನ್‌ಗೆ ಗುಂಡು ಹೊಡೆದದ್ದು ಡೆರಿಂಜರ್ ಮಾಡಿದ ಪಿಸ್ತೂಲಿನಿಂದಲೇ, ಅದು ಈಗಲೂ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನಲ್ಲಿದೆ. ಮಾಡಿದವನ ಹೆಸರು ಲೋಹದ ಮೇಲೆ ಇದೆ ಅಂದರೆ ಅದು ಅವನ ಮಾತು. ಬೇರೆಯವರ ಮಾತನ್ನು ನಾನು ಹೇಳಲಾರೆ.

ಲಾಕಿನ ತಟ್ಟೆಯ ಮೇಲೆ ಅಂಚಿಗೆ ಒಂದು ಗೆರೆ ಮಾತ್ರ ಕೆತ್ತಿದೆ, ಹೆಸರಿನ ಜಾಗ ಖಾಲಿ ಬಿಟ್ಟೆ. ನನ್ನ ಹೆಸರು, ವರ್ಷ, ಹಾರಿಸುವುದಕ್ಕಲ್ಲ ಅನ್ನುವ ಮಾತು, ಇಷ್ಟನ್ನು ನಳಿಗೆಯ ತಳಕ್ಕೆ ಒತ್ತಿದೆ. ಪಿಸ್ತೂಲು ಕೈಯಲ್ಲಿ ಹಿಡಿದವರಿಗೆ ಅದು ಕಾಣುವುದಿಲ್ಲ. ಮುಂದೆ ಯಾರಾದರೂ ಬೆಣೆ ತೆಗೆದು ನಳಿಗೆ ಎತ್ತಿದರೆ ಕಾಣುತ್ತದೆ, ಅದರ ಪಕ್ಕದಲ್ಲೇ ಮರದ ತಳದಲ್ಲಿ ಇನ್ನೂ ಹೋಗದ ದೀಪದ ಮಸಿಯೂ ಕಾಣುತ್ತದೆ.

ಆ ಓಕ್ ಕಾಯಿಯ ಹಿತ್ತಾಳೆ ಗಾರ್ಡ್ ಇನ್ನೂ ನನ್ನ ಹತ್ತಿರವೇ ಇದೆ. ಅದಕ್ಕೆ ಸರಿಹೊಂದುವ ಚಕಮಕಿ ಲಾಕು ಸಿಗುತ್ತದಾ ಅಂತ ಈಗ ಹುಡುಕುತ್ತಿದ್ದೇನೆ.